ಯಾವುದು ಎಲ್ಲಿದೆ ಎಂದು ಬರೆದಿಟ್ಟವರು

ಅವರ ತಿಥಿಯ ಕಾರ್ಡು ನನ್ನ ಕೈ ಸೇರಿದ್ದು ತಿಥಿ ಮುಗಿದು ಮೂರು ದಿನವಾದ ಮೇಲೆ. ಅಂಚೆಯವನ ತಪ್ಪಲ್ಲ. ವಿಳಾಸದಲ್ಲಿ ನನ್ನ ಹೆಸರಿತ್ತು, ಊರಿತ್ತು, ಬೀದಿ ಇರಲಿಲ್ಲ. ಒಳಗೆ ಕಾರ್ಯಕ್ರಮ ‘ಸ್ವಗೃಹದಲ್ಲಿ’ ಎಂದು ಅಚ್ಚಾಗಿತ್ತು. ಆ ಸ್ವಗೃಹ ಪಾಂಡವಪುರದ ಯಾವ ಮೂಲೆಯಲ್ಲಿದೆ, ಯಾರನ್ನು ಕೇಳಿದರೆ ತೋರಿಸುತ್ತಾರೆ, ಒಂದೂ ಇಲ್ಲ. ಇಂಥ ಕಾರ್ಡು ಅವರು ಬದುಕಿದ್ದಾಗ ಅವರ ಮೇಜಿಗೆ ಬಂದಿದ್ದರೆ ಗೆರೆ ಎಳೆದು ವಾಪಸ್ಸು ಕಳಿಸುತ್ತಿದ್ದರು. ಹಾಗೆ ನೆನೆದು ನಗು ಬಂತು. ಈ ಮನುಷ್ಯನಿಗೆ ನಾನು ಮಾಡಿದ್ದನ್ನು ಒಬ್ಬಳಿಗೆ ಬಿಟ್ಟರೆ ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಸಾವಿರಗಟ್ಟಲೆ ಕಾರ್ಡು ಬರೆದೂ ಒಂದರ ಮೂಲೆಯಲ್ಲೂ ತಮ್ಮ ಹೆಸರು ಬರೆದುಕೊಳ್ಳದ ಮನುಷ್ಯ; ಅವರು ಬೇಡವೆಂದು ಬಿಟ್ಟದ್ದನ್ನು ನಾನು ತುಂಬಿಸಬಾರದು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಪಾಂಡವಪುರದ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದರು. ಜನ್ಮದಲ್ಲಿ ಒಂದು ದಿನ ಪಾಠ ಮಾಡದಿದ್ದರೂ ಸುತ್ತಿನ ಹಳ್ಳಿಯವರಿಗೆ ಅವರು ಲೈಬ್ರರಿ ಮೇಷ್ಟ್ರು. ಕುಳ್ಳು ಆಳು, ದೊಡ್ಡ ಕಿವಿ, ಅರ್ಧ ತೋಳಿನ ಬಿಳಿ ಅಂಗಿ. ಎದೆಯ ಜೇಬಿನಲ್ಲಿ ಮೂರು ನಾಲ್ಕು ಪೆನ್ಸಿಲ್ಲು ತುರುಕಿ ತುರುಕಿ ಆ ಜೇಬು ಹೊಟ್ಟೆಯವರೆಗೆ ಜೋತುಬಿದ್ದಿತ್ತು. ಕಬ್ಬಿನ ಹಂಗಾಮಿನಲ್ಲಿ ಗಾಳಿಯ ಜೊತೆ ಸಕ್ಕರೆ ಕಾರ್ಖಾನೆಯ ಕರಿ ಬಂದು ಪುಸ್ತಕಗಳ ಮೇಲೆ ಕೂರುತ್ತಿತ್ತು. ಬೆಳಿಗ್ಗೆ ಬಂದವರು ಮೊದಲು ಪಂಚೆಯ ತುಂಡೊಂದರಿಂದ ಪ್ರತಿ ಕಪಾಟು ಒರೆಸಿ, ಆ ತುಂಡನ್ನು ಒಗೆದು ಕಿಟಕಿಗೆ ಹರವಿ, ಆಮೇಲೆ ಪೇಪರು ಬಿಡಿಸುವರು.

ನಾನಾಗ ಶ್ರೀರಂಗಪಟ್ಟಣದಲ್ಲಿ, ಒಂದು ಟ್ರಸ್ಟಿನವರು ಹಳೆಯ ಮನೆಯೊಳಗೆ ನಡೆಸುತ್ತಿದ್ದ ಪುಟ್ಟ ಮ್ಯೂಸಿಯಮ್ಮಿನಲ್ಲಿ ಗುಮಾಸ್ತ. ಆ ಮ್ಯೂಸಿಯಂ ಈಗಿಲ್ಲ, ಹುಡುಕಬೇಡಿ. ಮುಂದೆ ಜನ ನೋಡುವುದಕ್ಕೆ ಎರಡು ಕೋಣೆ, ಹಿಂದೆ ಯಾರೂ ನೋಡದಿರುವುದಕ್ಕೆ ಒಂದು ಉಗ್ರಾಣ. ನನಗೆ ಆ ಕೆಲಸ ಸಿಕ್ಕಿದ್ದು ಬರೀ ಅಕ್ಷರ ದುಂಡಗಿದ್ದುದರಿಂದ. ಟ್ರಸ್ಟಿನ ಕಾರ್ಯದರ್ಶಿಗಳು ನನ್ನ ಅರ್ಜಿಯನ್ನು ಕಣ್ಣಿನ ಹತ್ತಿರ ಹಿಡಿದು, ಓದದೆ, ಅಕ್ಷರವನ್ನಷ್ಟೇ ಹೊಗಳಿ ನಾಳೆಯಿಂದ ಬಾ ಎಂದಿದ್ದರು. ಆ ಹೊಗಳಿಕೆಯನ್ನು ನಾನು ಬಹಳ ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ಲೈಬ್ರರಿ ಮೇಷ್ಟ್ರು ಮೊದಲ ಸಲ ಸೈಕಲ್ಲಿನಲ್ಲಿ ಬಂದು ಬೆವರು ಒರೆಸಿಕೊಳ್ಳುತ್ತಾ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಿಂದ ಬಂದ ಸಾಮಾನು ನಿಮ್ಮ ಉಗ್ರಾಣದಲ್ಲಿ ಏನೇನಿದೆ ಎಂದು ಕೇಳಿದರು. ಅದನ್ನೆಲ್ಲ ಹೇಳುವ ಹಾಗಿಲ್ಲ ಎಂದೆ. ಯಾಕೆ ಎಂದರು. ಯಾಕೆ ಎಂದು ನನಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ. ಅವರು ಬೈಯಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತು, ನನ್ನನ್ನೂ ಕೂರಿಸಿ, ತಮ್ಮ ತಲೆಯೊಳಗಿದ್ದುದನ್ನು ಬಿಚ್ಚಿದರು. ಬೂಕನಕೆರೆ ಕಡೆಯ ಒಂದು ಊರಿನ ಜಮೀನು ದಾನದ ತಾಮ್ರದ ಪತ್ರ ನಮ್ಮ ಉಗ್ರಾಣದಲ್ಲಿದೆ. ಆ ಪತ್ರವನ್ನು ಓದಿ ವಿವರ ಬರೆದ ಪುಸ್ತಕ ಅವರ ಲೈಬ್ರರಿಯಲ್ಲಿದೆ. ಅದೇ ಜಮೀನಿನ ಹಳೆಯ ಕಡತ ಕೆ.ಆರ್. ಪೇಟೆಯ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದೆ. ಮೂರಕ್ಕೂ ಮೂರು ಬೀಗ. ಒಂದು ಕಡೆ ಇರುವುದು ಇನ್ನೊಂದು ಕಡೆಯವರಿಗೆ ಗೊತ್ತಿಲ್ಲ. ಊರಿನವನಿಗಂತೂ ಮೂರೂ ಗೊತ್ತಿಲ್ಲ, ಅವನದೇ ಊರಿನ ವಿಷಯ.

ಅವರ ಉಪಾಯ ಒಂದು ಕಾರ್ಡು. ಕಾರ್ಡಿನ ಮೇಲೆ ಐದೇ ಸಾಲು: ವಸ್ತು ಏನು, ಯಾವ ಊರಿನದು, ಈಗ ಎಲ್ಲಿದೆ, ಯಾರನ್ನು ಕೇಳಬೇಕು, ಅಲ್ಲಿ ಅದರ ನಂಬರೇನು. ಒಂದೊಂದು ವಸ್ತುವಿಗೂ ಮೂರು ಕಾರ್ಡು, ಮೂರು ಕಡೆಯ ಡ್ರಾಯರಿಗೂ ಒಂದೊಂದು. ಯಾರು ಎಲ್ಲಿಗೆ ಹೋಗಿ ಕೇಳಿದರೂ ಮೂರು ಕಡೆ ಇರುವುದೂ ತಿಳಿಯಬೇಕು. ಕಾರ್ಬನ್ ಹಾಳೆ ಹಾಕಬಾರದೇ ಎಂದು ನಾನು ಜಾಣತನ ತೋರಿಸಿದೆ. ಮೂರು ಸಲ ಬರೆದರೆ ಮೂರು ಸಲ ನೋಡಿದ ಹಾಗೆ ಎಂದರು. ಇಲಾಖೆ ಕೊಡುವ ಕಾರ್ಡು ಸಾಲದೆ ಹಳೆಯ ಲಗ್ನಪತ್ರಿಕೆಗಳನ್ನು ಬ್ಲೇಡಿನಿಂದ ಅಳತೆಗೆ ಕುಯ್ದು ಅವುಗಳ ಹಿಂಬದಿಯಲ್ಲಿ ಬರೆಯುತ್ತಿದ್ದರು. ಹಾಗಾಗಿ ವೀರಗಲ್ಲೊಂದರ ವಿವರ ಓದಿ ಕಾರ್ಡು ತಿರುಗಿಸಿದರೆ ಯಾರದೋ ಮದುವೆಯ ಮುಹೂರ್ತ ಕಾಣಿಸುತ್ತಿತ್ತು. ಲೈಬ್ರರಿಯಲ್ಲಿ ಆ ಡ್ರಾಯರಿಗಿದ್ದ ಬೀಗವನ್ನು ಅವರೇ ಕಿತ್ತು, ಕಾಗದ ಹಾರದಂತೆ ಮೇಲಿಡುವುದಕ್ಕೆ ಬಳಸಿಕೊಂಡಿದ್ದರು.

ನಮ್ಮ ಕಾರ್ಯದರ್ಶಿಗಳು ಸುಲಭಕ್ಕೆ ಒಪ್ಪುವ ಪೈಕಿ ಅಲ್ಲ. ನಮ್ಮ ಸಾಮಾನಿನ ಪಟ್ಟಿ ಊರಿಗೆಲ್ಲ ಯಾಕೆ ಹಂಚಬೇಕು, ನಾಳೆ ಒಬ್ಬೊಬ್ಬನೂ ಬಂದು ನಮ್ಮಜ್ಜಂದು ಕೊಡಿ ಅಂದರೆ ಏನು ಗತಿ ಎಂದು ಕೂಗಾಡಿದರು. ಮೇಷ್ಟ್ರು ಮೇಜಿನ ಮುಂದೆ ಕೈಕಟ್ಟಿ ನಿಂತು, ಕೂಗಾಟ ಮುಗಿಯುವವರೆಗೆ ಕಾದು, ಒಂದೇ ಮಾತು ಹೇಳಿದರು.

“ವಸ್ತು ನಿಮ್ಮತ್ರನೇ ಇರ್ಲಿ ಸಾ. ಅದು ಐತೆ ಅನ್ನೋದು ಮಾತ್ರ ಎಲ್ಲಾರ್ಗೂ ಸೇರ್ಬೇಕು.”

ಕಾರ್ಯದರ್ಶಿಗಳಿಗೆ ಅರ್ಥವಾಯಿತೋ ಸಾಕಾಯಿತೋ, ಅಂತೂ ನನ್ನನ್ನು ತೋರಿಸಿ ಇವನ ಬಿಡುವಿನಲ್ಲಿ ಮಾಡಿಕೊಳ್ಳಲಿ ಎಂದು ಎದ್ದು ಹೋದರು. ಕೆ.ಆರ್. ಪೇಟೆಯ ರೆಕಾರ್ಡ್ ಕೀಪರು ಇನ್ನೊಂದು ಥರದ ಮನುಷ್ಯ, ಸಾಧು, ನೆರಳಿಗೂ ಹೆದರುವವರು. ಅವರು ಒಪ್ಪಿದರು, ಆದರೆ ತಾವು ಮ್ಯೂಸಿಯಮ್ಮಿಗಾಗಲಿ ಲೈಬ್ರರಿಗಾಗಲಿ ಬರುವುದಿಲ್ಲ, ನೀವೂ ಕಚೇರಿಗೆ ಬರಬೇಡಿ ಎಂದರು. ಹಾಗಾಗಿ ನಾವು ಮೂವರು ಸೇರುತ್ತಿದ್ದುದು ಪಾಂಡವಪುರದ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ. ಊರಾಚೆಗಿರುವ ಸ್ಟೇಷನ್ನು, ಯಾರ ಇಲಾಖೆಗೂ ಸೇರದ ಜಾಗ. ಪ್ರತಿ ತಿಂಗಳ ಎರಡನೇ ಶನಿವಾರ, ಕಚೇರಿಗಳಿಗೆ ರಜೆ. ಬಟ್ಟೆಯ ಚೀಲದಿಂದ ಕಾರ್ಡಿನ ಕಟ್ಟು ತೆಗೆದು ಮೊಣಕಾಲ ಮೇಲೆ ಹಂಚಿಕೊಳ್ಳುವ ನಮ್ಮನ್ನು ನೋಡಿ ಸ್ಟೇಷನ್ ಮಾಸ್ತರರಿಗೆ ಇಸ್ಪೀಟಿನವರೇ ಇರಬೇಕೆಂಬ ಗುಮಾನಿ ಬಹಳ ದಿನ ಇತ್ತು. ನಮ್ಮ ಮೇಷ್ಟ್ರು ಒಂದು ದಿನ ಹೋಗಿ ಮಾಸ್ತರರ ಕೋಣೆಯ ಹಳೆಯ ರಿಜಿಸ್ಟರುಗಳಿಗೂ ಎರಡು ಕಾರ್ಡು ಬರೆದು ಬಂದರು. ಆಮೇಲೆ ನಮಗೆ ಕಾಫಿ ಬರತೊಡಗಿತು.

ಆ ಬೆಂಚಿನ ಮೇಲೆ ಅವರು ಹಾಕಿದ ನಿಯಮ ಒಂದೇ, ಅದನ್ನು ತಿಂಗಳು ತಿಂಗಳೂ ಹೇಳುತ್ತಿದ್ದರು. “ನಂಬರು ಬದ್ಲಾಯ್ಸೋದಾದ್ರೆ ಬದ್ಲಾಯ್ಸಿ. ಮೊದ್ಲು ಇನ್ನಿಬ್ರಿಗೂ ಏಳಿ. ಅಳೇ ನಂಬರು ಅಳಿಸ್ಬ್ಯಾಡಿ, ಅದರ ಕೆಳಗೆ ಒಸದು ಬರೀರಿ.” ರೆಕಾರ್ಡ್ ಕೀಪರು ತಲೆಯಾಡಿಸುವರು. ನಾನೂ ಆಡಿಸುತ್ತಿದ್ದೆ. ಎಷ್ಟು ಸಲ ಹೇಳುತ್ತಾರಪ್ಪ ಎಂದು ಒಳಗೊಳಗೇ ಬೇಸರವೂ ಆಗುತ್ತಿತ್ತು.

ಭಾನುವಾರಗಳಲ್ಲಿ ಅವರು ಊರೂರು ಸುತ್ತುವರು. ನಾಗಮಂಗಲದ ಕಂಚಿನ ಕೆಲಸದವರ ಮನೆಗಳಿಗೆ ಹೋಗಿ ಮುರಿದ ಅಚ್ಚುಗಳಿಗೂ ಕಾರ್ಡು ಬರೆದು ತಂದಿದ್ದರು. ಅಲ್ಲಿಯ ಒಬ್ಬ ಮುದುಕ ಒಂದು ದಿನ ಅವರು ಬರೆದುಕೊಟ್ಟ ಕಾರ್ಡು ಹಿಡಿದುಕೊಂಡು ನಮ್ಮ ಮ್ಯೂಸಿಯಮ್ಮಿಗೆ ಬಂದ. ತಾತ ಎರಕ ಹೊಯ್ದ ದೀಪ ನಿಮ್ಮಲ್ಲಿದೆಯಂತೆ, ಇಲ್ಲಿ ಬರೆದಿದೆ ಎಂದ. ಉಗ್ರಾಣದಿಂದ ತಂದು ಕೈಗೆ ಕೊಟ್ಟೆ. ತಲೆಕೆಳಗು ಮಾಡಿ, ತಳದಲ್ಲಿದ್ದ ಒಂದು ಗೀರನ್ನು ಬೆರಳಿನಿಂದ ಸವರಿ, ಹೌದು ನಮ್ಮ ಮನೇದೇ ಎಂದು ಹಿಂದಿರುಗಿಸಿ ಬಸ್ಸಿಗೆ ಹೋದ. ಆ ಶನಿವಾರ ಬೆಂಚಿನ ಮೇಲೆ ನಾನು ಇದನ್ನು ಹೇಳಿದಾಗ ಮೇಷ್ಟ್ರು ಮತ್ತೆ ಹೇಳು ಎಂದು ಎರಡು ಸಲ ಹೇಳಿಸಿಕೊಂಡರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ. ಅದಕ್ಕೆ ಕಾರಣ ನಾನೇ.

ಆದದ್ದು ಹೀಗೆ. ನಮ್ಮ ಟ್ರಸ್ಟಿಗೆ ಬೇಕಾದ ದೊಡ್ಡವರೊಬ್ಬರು ಮ್ಯೂಸಿಯಂ ನೋಡಲು ಬರುತ್ತಾರೆಂದು ಸುದ್ದಿ ಬಂತು. ಉಗ್ರಾಣ ಅವರ ಕಣ್ಣಿಗೆ ಅಂದವಾಗಿ ಕಾಣಬೇಕು ಎಂದು ಕಾರ್ಯದರ್ಶಿಗಳು ಹಟ ಹಿಡಿದರು. ಮರದ್ದೆಲ್ಲ ಒಂದು ಕಡೆ, ಲೋಹದ್ದೆಲ್ಲ ಒಂದು ಕಡೆ, ಬಟ್ಟೆಯದೆಲ್ಲ ಒಂದು ಕಡೆ, ಅದರಲ್ಲೂ ದೊಡ್ಡದರಿಂದ ಚಿಕ್ಕದಕ್ಕೆ. ನಂಬರು ಒಂದರಿಂದ ಕೊನೆಯವರೆಗೆ ಸಾಲಾಗಿ ಓದಿಕೊಂಡು ಹೋಗುವ ಹಾಗಿರಬೇಕು. ಬಟ್ಟೆಯ ಸುರುಳಿಗಳಿಗೆಲ್ಲ ಒಂದೇ ಥರದ ಬಿಳಿ ಚೀಲ ಹೊಲಿಸಿ ತಂದರು. ಅವುಗಳೊಳಗೆ ಸುರುಳಿ ಹಾಕಿ, ಬಾಯಿ ಹೊಲಿದು, ಮೇಲೆ ಹೊಸ ನಂಬರು ಬರೆಯುವ ಕೆಲಸ ನನ್ನದು. ಹಳೆಯ ನಂಬರಿನ ಚೀಟಿಗಳನ್ನು ಕಿತ್ತು ಒಲೆಗೆ ಹಾಕಿಸಿದರು. ಹತ್ತು ದಿನ ತಲೆಯೆತ್ತದೆ ದುಡಿದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಎಂದರೆ, ಬಂದ ದೊಡ್ಡವರು ಒಳಗಿನ ವಸ್ತುವಿನ ವಿಷಯ ಒಂದೂ ಕೇಳದೆ, ಈ ನಂಬರು ಬರೆದವರು ಯಾರು ಎಂದು ಕೇಳಿದರು.

ಹಳೆಯ ನಂಬರು ಒಂದು ಕಡೆ, ಹೊಸದು ಒಂದು ಕಡೆ ಬರೆದ ಪಟ್ಟಿ ಮಾಡಬೇಕೆಂದು ನನಗೆ ಗೊತ್ತಿತ್ತು. ಶುರುವೂ ಮಾಡಿದ್ದೆ. ಒಂದು ಹಾಳೆ ತುಂಬುವ ಮೊದಲೇ, ಆಮೇಲೆ ನೋಡೋಣ, ಅದೆಲ್ಲ ನಿನ್ನ ಸ್ಟೇಷನ್ನಿನ ಸ್ನೇಹಿತರಿಗೆ ಬೇಕಾದ್ದು ಎಂದು ಕಾರ್ಯದರ್ಶಿಗಳು ಬೇರೆ ಕೆಲಸ ಹಚ್ಚಿದರು. ಆಮೇಲೆ ಎಂಬುದು ಬರಲಿಲ್ಲ. ಮುಂದಿನ ಎರಡನೇ ಶನಿವಾರ ನಾನು ಬೆಂಚಿಗೆ ಹೋದೆ. ಹೇಳಬೇಕೆಂದು ಬಾಯಿಗೆ ಬಂದಿತ್ತು. ಹೇಳಿದರೆ ಹಳೆಯ ಚೀಟಿ ಎಲ್ಲಿ ಎಂದು ಕೇಳುತ್ತಾರೆ; ಒಲೆಗೆ ಹಾಕಿದೆವು ಎಂದು ಆ ಮುಖಕ್ಕೆ ಹೇಗೆ ಹೇಳುವುದು? ನಿಮ್ಮ ಕಡೆ ಎಲ್ಲ ಸರಿಯಾಗಿದೆಯೇನಪ್ಪ ಎಂದು ಅವರು ವಾಡಿಕೆಯಂತೆ ಕೇಳಿದರು. ಎಲ್ಲ ಸರಿಯಾಗಿದೆ ಮೇಷ್ಟ್ರೇ ಎಂದೆ. ಒಂದು ಸಲ ಹೇಳಿದ ಮೇಲೆ ಎರಡನೆಯ ಸಲ ಹೇಳುವುದು ಕಷ್ಟವಾಗಲಿಲ್ಲ.

ಸಣ್ಣಮ್ಮ ಲೈಬ್ರರಿಗೆ ಬಂದದ್ದು ಆ ವರ್ಷದ ಕೊನೆಗೆ. ಬೂಕನಕೆರೆಯಿಂದ ಆಚೆ, ಕೃಷ್ಣರಾಜಸಾಗರದ ಹಿನ್ನೀರಿನ ದಂಡೆಯ ಒಂದು ಕೊಪ್ಪಲಿನವಳು. ಅಣೆಕಟ್ಟೆಯ ನೀರು ಏರಿ ಹಳೆಯ ಊರು ಮುಳುಗಿದಾಗ ಅವಳ ಗಂಡನ ತಾತಂದಿರನ್ನು ಮೇಲಕ್ಕೆ ತಂದು ಕೂರಿಸಿದ ಕೊಪ್ಪಲು ಅದು. ಮನೆಗಳ ಜೊತೆ ಹೆಣ ಹೂಳುವುದಕ್ಕೂ ಒಂದಿಷ್ಟು ಜಾಗ ಕೊಟ್ಟಿದ್ದರು. ಅಲ್ಲಿ ಅವಳ ಗಂಡನಿದ್ದ, ಅತ್ತೆಮಾವಂದಿರಿದ್ದರು. ಪಕ್ಕದ ಜಮೀನಿನವನು ವರ್ಷಕ್ಕೆ ಒಂದು ಸಾಲು ಉತ್ತುಕೊಂಡು ಬಂದು ಬಂದು, ಈಗ ಇಡೀ ಜಾಗ ತನ್ನದೇ ಎಂದು ಅರ್ಜಿ ಹಾಕಿದ್ದ. ಗೋರಿಗಳೆಲ್ಲ ಮಣ್ಣಿನ ದಿಬ್ಬಗಳು, ಮಳೆಗೆ ಕರಗಿ ನೆಲ ಸೇರಿದ್ದವು. ಇಲ್ಲಿ ಹೂಳುತ್ತಿದ್ದರು ಎನ್ನುವುದಕ್ಕೆ ಗುರುತೇ ಇಲ್ಲವಲ್ಲ ಎನ್ನುತ್ತಿದ್ದ. ಪಾಂಡವಪುರದಲ್ಲಿ ಒಬ್ಬರಿದ್ದಾರೆ, ಯಾವ ಕಾಗದ ಎಲ್ಲಿದ್ದರೂ ಹೇಳುತ್ತಾರೆ ಎಂದು ಯಾರೋ ಅಂದರಂತೆ. ಅವಳು ಬಸ್ಸು ಹತ್ತಿದಳು.

ಅವಳು ಒಂದು ಲೋಟ ನೀರು ಕುಡಿದು ಮುಗಿಸುವಷ್ಟರಲ್ಲಿ ಮೇಷ್ಟ್ರು ಎರಡು ಕಾರ್ಡು ತೆಗೆದಿಟ್ಟರಂತೆ. ಒಂದು, ಕೆ.ಆರ್. ಪೇಟೆಯ ರೆಕಾರ್ಡ್ ರೂಮಿನ ರಿಜಿಸ್ಟರಿನದು. ಅದರಲ್ಲಿ ಆ ಕೊಪ್ಪಲಿನ ಸ್ಮಶಾನಕ್ಕೆ ‘ನಕ್ಷೆಯಂತೆ’ ಜಾಗ ಬಿಟ್ಟಿದೆ ಎಂದಿತ್ತು. ಇನ್ನೊಂದು ಆ ನಕ್ಷೆಯದು: ಬಟ್ಟೆಗೆ ಅಂಟಿಸಿದ್ದು, ಗಡಿಯ ನಾಲ್ಕು ಕಲ್ಲು ತೋರಿಸಿದೆ, ಶ್ರೀರಂಗಪಟ್ಟಣದ ಮ್ಯೂಸಿಯಂ, ನಂಬರು ನೂರ ನಲವತ್ತಮೂರು. ರಿಜಿಸ್ಟರು ಒಂದೇ ಇದ್ದರೆ ಯಾವ ಜಾಗ ಎನ್ನುವುದು ತಿಳಿಯದು, ನಕ್ಷೆ ಒಂದೇ ಇದ್ದರೆ ಯಾರು ಕೊಟ್ಟದ್ದು ಎನ್ನುವುದು ತಿಳಿಯದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತಾಡುವುದಕ್ಕೆ ಏನೂ ಉಳಿಯುವುದಿಲ್ಲ. ಇಷ್ಟು ವರ್ಷ ಸೈಕಲ್ಲು ತುಳಿದದ್ದು ಇದಕ್ಕೇ ಎಂದು ಅವರಿಗೆ ಅನ್ನಿಸಿರಬೇಕು. ವಿಚಾರಣೆ ಮಾಡುತ್ತಿದ್ದ ಅಧಿಕಾರಿಗೆ ಅವರೇ ಅರ್ಜಿ ಬರೆದುಕೊಟ್ಟರು. ನೂರ ನಲವತ್ತಮೂರನೇ ನಂಬರಿನ ನಕ್ಷೆಯನ್ನು ಇಂಥ ದಿನ ಹಾಜರುಪಡಿಸಿ ಎಂದು ನಮ್ಮ ಟ್ರಸ್ಟಿಗೆ ಕಾಗದ ಬಂತು.

ಕಾರ್ಯದರ್ಶಿಗಳು ಕಾಗದ ನನಗೆ ತೋರಿಸಲಿಲ್ಲ. ಆ ದಿನ ಬೆಳಿಗ್ಗೆ ಕರೆದು, ಬಟ್ಟೆಯ ಸಾಲಿನಿಂದ ನೂರ ನಲವತ್ತಮೂರನ್ನು ತೆಗೆದುಕೊಂಡು ಕೆ.ಆರ್. ಪೇಟೆಗೆ ಹೋಗು, ಹೊಲಿಗೆ ಅಲ್ಲೇ ಅವರ ಎದುರಿಗೇ ಬಿಚ್ಚು ಎಂದರು. ಬಸ್ಸಿನಲ್ಲಿ ಆ ಬಿಳಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಇದು ಮೇಷ್ಟ್ರ ಕಾರ್ಡಿನಿಂದ ಬಂದ ಕೆಲಸ ಇರಬೇಕು ಎಂದು ಹೊಳೆಯಿತು. ನೂರ ನಲವತ್ತಮೂರು ಹಳೆಯ ನಂಬರೋ ಹೊಸದೋ? ಅಲ್ಲೇ ಇಳಿದು ವಾಪಸ್ಸು ಹೋಗಬಹುದಿತ್ತು. ಬಟ್ಟೆಯ ಸಾಲಿನದೇ ತಾನೆ, ಅದೇ ಇರುತ್ತದೆ, ಇರಲಾರದೇಕೆ ಎಂದು ನನಗೆ ನಾನೇ ಹೇಳಿಕೊಂಡು ಕಿಟಕಿಯಾಚೆ ನೋಡುತ್ತಾ ಹೋದೆ.

ಅಧಿಕಾರಿಯ ಮೇಜಿನ ಒಂದು ಪಕ್ಕ ಜಮೀನಿನವನೂ ಅವನ ವಕೀಲರೂ. ಇನ್ನೊಂದು ಪಕ್ಕ ಸಣ್ಣಮ್ಮ, ಕೊಪ್ಪಲಿನ ನಾಲ್ಕೈದು ಜನ, ಮೇಷ್ಟ್ರು. ಅವತ್ತು ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ರಿಜಿಸ್ಟರಿನ ಪುಟ ಓದಿಸಿದ್ದಾಗಿತ್ತು. ನಾನು ಹೊಲಿಗೆ ಬಿಚ್ಚಿ, ಸುರುಳಿ ತೆಗೆದು, ಮೇಜಿನ ಮೇಲೆ ಹರಡಿದೆ. ಅದು ಪಗಡೆ ಹಾಸು. ಕೆಂಪು ಅಂಚಿನ, ಮಾಸಿದ, ನಾಲ್ಕು ತೋಳಿನ ಪಗಡೆ ಹಾಸು. ವಕೀಲರು ಬಗ್ಗಿ ನೋಡಿ, ಕಾಯಿ ತಂದಿಲ್ಲವೇನಪ್ಪ ಎಂದು ಕೇಳಿದರು. ಅಧಿಕಾರಿಯೂ ನಕ್ಕರು. ಸಣ್ಣಮ್ಮನಿಗೆ ಏನಾಯಿತೆಂದು ತಿಳಿಯಲಿಲ್ಲ; ಅದೇ ನಕ್ಷೆ ಇರಬಹುದು ಎಂದುಕೊಂಡು ಕತ್ತು ಚಾಚಿ ನೋಡುತ್ತಲೇ ಇದ್ದಳು.

ಆಗಲೂ ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವರು ಮೇಷ್ಟ್ರು. ಕಾರ್ಡು ಬರೆದವನು ನಾನು, ತಪ್ಪು ನನ್ನಿಂದ ಆಗಿರಬಹುದು, ನಕ್ಷೆ ಇರುವುದಂತೂ ನಿಜ, ಸ್ವಲ್ಪ ಕಾಲ ಕೊಡಿ ಎಂದರು. ಅಧಿಕಾರಿ ನ್ಯಾಯವಂತರೇ, ಹದಿನೈದು ದಿನ ಕೊಟ್ಟರು. ಹೊರಗೆ ಬಂದು ಕಚೇರಿಯ ಮೆಟ್ಟಿಲು ಇಳಿಯುವಾಗ ಮೇಷ್ಟ್ರು ನನ್ನ ಮುಖ ನೋಡದೆ, ನಂಬರು ಬದಲಾಯಿಸಿದ್ದು ಯಾವಾಗ ಎಂದು ಕೇಳಿದರು. ಎಂಟು ತಿಂಗಳಾಯಿತು ಎಂದೆ.

“ಎಂಟು ಎರಡ್ನೇ ಶನಿವಾರ,” ಎಂದರು. ಅಷ್ಟೇ. ಕೂಗಾಡಿದ್ದರೆ, ಕೆನ್ನೆಗೆ ಎರಡು ಕೊಟ್ಟಿದ್ದರೆ ನನಗೆ ಬದುಕು ಇಷ್ಟು ಭಾರವಾಗುತ್ತಿರಲಿಲ್ಲ.

ಟ್ರಸ್ಟಿನ ಮಾನ ಹೋಯಿತೆಂದು ಕಾರ್ಯದರ್ಶಿಗಳು ಕಿಡಿಕಿಡಿಯಾದರು. ಇನ್ನು ಯಾವ ಚೀಲವನ್ನೂ ಬಿಚ್ಚಕೂಡದು, ಆ ಲೈಬ್ರರಿಯವನು ಗೇಟು ದಾಟಕೂಡದು ಎಂದರು. ಮೇಷ್ಟ್ರು ಎರಡು ದಿನ ಬಂದು ಗೇಟಿನ ಹೊರಗೆ ಸೈಕಲ್ಲಿಗೆ ಒರಗಿ ನಿಂತಿದ್ದರು. ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಕಾರ್ಯದರ್ಶಿಗಳು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಒಂದು ನಿದ್ದೆ ಮುಗಿಸಿ ಬರುವವರು. ಆ ಹೊತ್ತಿನಲ್ಲಿ ನಾನು ಒಂದು ಚೀಲ ಬಿಚ್ಚಿ, ನೋಡಿ, ಬಿಚ್ಚಿದ್ದು ಗೊತ್ತಾಗದ ಹಾಗೆ ಅದೇ ತೂತುಗಳಲ್ಲಿ ದಾರ ಪೋಣಿಸಿ ಹೊಲಿಯುತ್ತಿದ್ದೆ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಒಂದೇ ದಿನ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹರಿದು ಹಾಕಿದ್ದರೆ ಸಂಜೆಯೊಳಗೆ ಸಿಗುತ್ತಿತ್ತು. ಕೆಲಸ ಹೋಗುತ್ತಿತ್ತು. ಕೊಪ್ಪಲಿನವರ ಸ್ಮಶಾನ ಒಂದು ಕಡೆ, ನನ್ನ ಗುಮಾಸ್ತಗಿರಿ ಒಂದು ಕಡೆ ಇಟ್ಟು ತೂಗಿ ನಾನು ಹೊಲಿಗೆ ಹಾಕುತ್ತಾ ಕೂತೆ.

ನಕ್ಷೆ ಸಿಕ್ಕಿದ್ದು ಹತ್ತೊಂಬತ್ತನೇ ದಿನ, ಎಂಬತ್ತೇಳನೇ ನಂಬರಿನ ಚೀಲದಲ್ಲಿ. ಕಾರ್ಯದರ್ಶಿಗಳಿಗೆ ಹೇಳದೆ, ಎದೆಗೆ ಅವುಚಿಕೊಂಡು ಪಾಂಡವಪುರದ ಬಸ್ಸು ಹತ್ತಿದೆ. ಮೇಷ್ಟ್ರು ಓದುವ ಮೇಜಿನ ಮೇಲಿದ್ದ ಪೇಪರುಗಳನ್ನು ಸರಿಸಿ ಹರಡಿದರು. ನಾಲ್ಕು ಕಲ್ಲನ್ನೂ ಒಂದೊಂದಾಗಿ ಬೆರಳಿಟ್ಟು ನೋಡಿದರು. ಡ್ರಾಯರಿನಿಂದ ಕಾರ್ಡು ತೆಗೆದು, ನೂರ ನಲವತ್ತಮೂರರ ಕೆಳಗೆ ಎಂಬತ್ತೇಳು ಎಂದು ಬರೆದು, ಮತ್ತೆ ಅದರ ಜಾಗದಲ್ಲಿಟ್ಟರು. ಆಮೇಲೆ, ಆದೇಶ ಮೊನ್ನೆಯೇ ಆಯಿತು, ನಿನ್ನೆ ಟ್ರಾಕ್ಟರು ಬಿಟ್ಟರಂತೆ ಎಂದು ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕಾರ್ಡು ಸರಿಪಡಿಸುವುದನ್ನು ಮೊದಲು ಮಾಡಿ, ಈ ಮಾತನ್ನು ಆಮೇಲೆ ಹೇಳಿದ್ದು ಯಾಕೋ ನನಗೆ ಇವತ್ತಿಗೂ ಮರೆಯಲಾಗಿಲ್ಲ.

ಮಾರನೆಯ ದಿನ ನನ್ನನ್ನೂ ಕರೆದುಕೊಂಡು ಕೊಪ್ಪಲಿಗೆ ಹೋದರು. ಕೆಂಪು ಮಣ್ಣು ಹಸಿಯಾಗಿ ಮಗುಚಿ ಬಿದ್ದಿತ್ತು. ಒಂದು ಹೊಂಗೆ ಮರವಿತ್ತಂತೆ, ಬುಡವಷ್ಟೇ ಉಳಿದಿತ್ತು. ಬದುವಿನ ಮೇಲೆ ಯಾರೋ ಒಂದಿಷ್ಟು ಮೂಳೆಗಳನ್ನು ಆರಿಸಿ ಹಳೆಯ ಸೀರೆಯಲ್ಲಿ ಕಟ್ಟಿಟ್ಟಿದ್ದರು. ಯಾರವು ಎಂದು ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ನಕ್ಷೆ ಬಿಡಿಸಿ ಸಣ್ಣಮ್ಮನಿಗೆ ತೋರಿಸಿದರು. ಇದು ಕೊಪ್ಪಲು, ಇದು ದಾರಿ, ಇವು ಕಲ್ಲು ಎಂದರು. ಅವಳು ಬಹಳ ಹೊತ್ತು ನೋಡಿದಳು.

“ನಮ್ ಯಜಮಾನ್ರು ಇದ್ರಲ್ಲಿ ಎಲ್ಲವ್ರೆ?” ಎಂದು ಕೇಳಿದಳು.

ನಕ್ಷೆ ಬರೆದಾಗ ಅವಳ ಗಂಡ ಹುಟ್ಟಿಯೇ ಇರಲಿಲ್ಲ. ಯಾವುದು ಎಲ್ಲಿದೆ ಎಂದು ಕೇಳಿಕೊಂಡು ಬಂದವರನ್ನು ಬರಿಗೈಲಿ ಕಳಿಸದ ಮನುಷ್ಯ ನಕ್ಷೆಯನ್ನು ಸುತ್ತತೊಡಗಿದರು. ನಾನಾಗ, ಅಲ್ಲಿಯವರೆಗೂ ಒಳಗಿಟ್ಟುಕೊಂಡದ್ದನ್ನು ಅವಳಿಗೆ ಹೇಳಿದೆ. ನಂಬರು ಬದಲಾಯಿಸಿದವನು ನಾನು, ಮುಚ್ಚಿಟ್ಟವನೂ ನಾನು ಎಂದೆ. ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಇದನ್ನು ಅವತ್ತು ಆಪೀಸಿನಲ್ಲಿ ಹೇಳಬೇಕಿತ್ತು ಎಂದಷ್ಟೇ ಹೇಳಿದಳು.

ಕೊಪ್ಪಲಿನವರು ಮೇಲಿನ ಕಚೇರಿಗೆ ಅಪೀಲು ಹಾಕಿದರು. ಅದು ಎಷ್ಟೋ ವಾಯಿದೆ ಕಂಡು, ಮೇಷ್ಟ್ರು ಸಾಯುವಾಗಲೂ ಹಾಗೇ ಇತ್ತು. ಈ ನಡುವೆ ಕೊಪ್ಪಲಿನಲ್ಲಿ ಸತ್ತವರನ್ನು ಹಿನ್ನೀರಿನ ಅಂಚಿನಲ್ಲಿ, ಬೇಸಿಗೆಯಲ್ಲಿ ತೆರೆದುಕೊಳ್ಳುವ ನೆಲದಲ್ಲಿ ಹೂಳತೊಡಗಿದರು. ಒಳ್ಳೆಯ ಮಳೆಯಾದ ವರ್ಷ ಮಂಡ್ಯದವರೆಗೂ ಎಲ್ಲರಿಗೂ ಸಂತೋಷ. ಕಟ್ಟೆ ತುಂಬಿತು ಎಂದು ಪೇಪರಿನಲ್ಲಿ ಫೋಟೋ ಬರುತ್ತದೆ. ಆ ಕೊಪ್ಪಲಿನವರು ಮಾತ್ರ ದಂಡೆಯ ಮೇಲೆ ನಿಂತು, ನೀರು ಯಾರ ಯಾರ ಮೇಲೆ ಏರಿತು ಎಂದು ನೋಡುತ್ತಾರೆ. ನಾನು ಮ್ಯೂಸಿಯಂ ಬಿಟ್ಟೆ. ಬಿಟ್ಟದ್ದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ನಕ್ಷೆ ಹೊರಗೆ ಒಯ್ದದ್ದಕ್ಕೆ ತೆಗೆದುಹಾಕಿದರು. ಮೇಷ್ಟ್ರು ನಿವೃತ್ತಿಯಾಗುವವರೆಗೂ ಎರಡನೇ ಶನಿವಾರ ಬೆಂಚಿಗೆ ಹೋಗುತ್ತಿದ್ದರಂತೆ, ರೆಕಾರ್ಡ್ ಕೀಪರು ಬಂದರೆ ಇಬ್ಬರು, ಇಲ್ಲದಿದ್ದರೆ ಒಬ್ಬರೇ. ನಾನು ಹೋಗಲಿಲ್ಲ. ಹೋಗಿದ್ದರೆ ಜಾಗ ಬಿಟ್ಟು ಸರಿದು ಕೂರುತ್ತಿದ್ದರು ಎಂಬುದು ಗೊತ್ತಿದ್ದೂ ಹೋಗಲಿಲ್ಲ.

ಅವರ ಜೊತೆ ನಾನು ಕೊನೆಯ ಸಲ ಕೆಲಸ ಮಾಡಿದ್ದು ಉಳುಮೆಯಾದ ಮುಂದಿನ ವಾರ. ಅಲ್ಲಿ ಯಾರ್ಯಾರನ್ನು ಹೂಳಿದ್ದರು ಎಂಬ ಪಟ್ಟಿ ಅಪೀಲಿಗೆ ಬೇಕು ಎಂದು ಕೊಪ್ಪಲಿನವರು ಹಿಡಿದ ವಕೀಲರು ಹೇಳಿದ್ದರಂತೆ. ಮೇಷ್ಟ್ರು ಪಟ್ಟಿ ಅಂದರೆ ಕಾರ್ಡು ಎಂದೇ ಅರ್ಥ ಮಾಡಿಕೊಳ್ಳುವವರು. ನಿನ್ನ ಅಕ್ಷರ ಚೆನ್ನಾಗಿದೆ ಬಾ ಎಂದು ನನ್ನನ್ನೇ ಕರೆದುಕೊಂಡು ಹೋದರು. ಬೇರೆ ಯಾರನ್ನಾದರೂ ಕರೆಯಬಹುದಿತ್ತು. ಸಣ್ಣಮ್ಮನ ಜಗಲಿಯ ಮೇಲೆ ಕೂತೆವು. ಅವಳು ಕಣ್ಣು ಮುಚ್ಚಿ ಹೇಳುತ್ತಾ ಹೋದಳು: ಮಾವ, ಮಾವನ ಎಡಕ್ಕೆ ಅತ್ತೆ, ಅವರ ಕಾಲ ಕಡೆಗೆ ಗಂಡ, ಮೈದುನ, ಹೊಂಗೆಮರದ ಬುಡಕ್ಕೆ ಮೂಗನೊಬ್ಬ, ಅವನ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ. ಒಬ್ಬೊಬ್ಬರಿಗೂ ಕಾರ್ಡು ಬರೆದು, ಕೊನೆಯ ಸಾಲಿನಲ್ಲಿ ಒಂದೊಂದು ನಂಬರು ಹಾಕುತ್ತಾ ಹೋದೆ. ಅಕ್ಕಪಕ್ಕದ ಮನೆಯವರೂ ಬಂದು ತಮ್ಮವರನ್ನು ಹೇಳಿದರು. ಮಧ್ಯಾಹ್ನವಾಯಿತು. ಮುದ್ದೆ ಉಣ್ಣಲು ಕರೆದರು, ಉಂಡೆವು.

ಎಲ್ಲ ಮುಗಿಯಿತು ಎಂದು ನಾನು ಕಾರ್ಡುಗಳನ್ನು ಜೋಡಿಸುತ್ತಿದ್ದಾಗ ಸಣ್ಣಮ್ಮ, ಇನ್ನೊಂದು ಇದೆ ಎಂದಳು. ಅವಳ ಮೊದಲನೆಯ ಹೆಣ್ಣು ಮಗು. ಒಂಬತ್ತು ದಿನ ಇತ್ತಂತೆ, ಹೆಸರಿಟ್ಟಿರಲಿಲ್ಲ. ಹೆಸರಿಲ್ಲದ್ದಕ್ಕೆ ಚೀಟಿ ಬರೆಯುತ್ತೀರಾ ಎಂದು ಮೇಷ್ಟ್ರನ್ನು ಕೇಳಿದಳು. ಬರೀತೀವಿ ಕಣವ್ವ ಎಂದರು. ‘ಸಣ್ಣಮ್ಮನ ಮಗು, ಹೆಣ್ಣು’ ಎಂದು ಬರೆದೆ. ಊರು ಬರೆದೆ. ಅಪ್ಪನ ಬಲಗೈ ಪಕ್ಕ ಎಂದು ಜಾಗ ಬರೆದೆ. ಕೇಳಬೇಕಾದವರು ಸಣ್ಣಮ್ಮ. ಕೊನೆಯ ಸಾಲಿಗೆ ಪೆನ್ಸಿಲ್ಲು ತಂದಾಗ ಅವಳು ಕೈ ಅಡ್ಡ ಇಟ್ಟಳು.

“ಬ್ಯಾಡ ಬುಡಪ್ಪ, ಇದ್ಕೆ ನಂಬ್ರು ಆಕ್ಬ್ಯಾಡ. ನೀವು ಬದ್ಲಾಯಿಸ್ಬುಡ್ತೀರ.”

ಸಿಟ್ಟಿನಿಂದ ಹೇಳಲಿಲ್ಲ. ನಾವು ಅಂಥವರು ಎಂದು ಅವಳಿಗೆ ಗೊತ್ತಾಗಿತ್ತು, ಅಷ್ಟೆ. ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು, ಕೊನೆಯ ಸಾಲು ಖಾಲಿಯಿದ್ದ ಹಾಗೆಯೇ, ಉಳಿದವುಗಳ ಜೊತೆ ಇಟ್ಟು ದಾರ ಕಟ್ಟಿದರು.